ಗೋರಿಯ ಮೇಲಿನ ಒಡೆದ ಬಟ್ಟಲು

ಅಮೆರಿಕದ ಜಾರ್ಜಿಯಾ ರಾಜ್ಯದ ಕರಾವಳಿಯಲ್ಲಿರುವ ಒಂದು ಸಣ್ಣ ಚರ್ಚಿನ ಹಿಂದಿನ ಸ್ಮಶಾನದಲ್ಲಿ ನಾನು ಆ ಬಟ್ಟಲನ್ನು ನೋಡಿದೆ. ಬಿಳಿ ಪಿಂಗಾಣಿಯ ಚಹಾ ಬಟ್ಟಲು ಅದು. ಅಂಚಿನಲ್ಲಿ ಮಾಸಿದ ಚಿನ್ನದ ಬಣ್ಣದ ಗೆರೆಯಿತ್ತು, ಹಿಡಿ ಮುಕ್ಕಾಗದೆ ಉಳಿದಿತ್ತು. ಹಿಂದಿನ ರಾತ್ರಿಯಷ್ಟೇ ಜೋರು ಮಳೆ ಸುರಿದಿದ್ದರಿಂದ ನೀರು ನಿಂತಿರಬಹುದೆಂದು ಬಗ್ಗಿ ನೋಡಿದರೆ ಒಳಗೆ ಒಂದು ಹನಿಯೂ ಇರಲಿಲ್ಲ. ತಳದಲ್ಲಿ ಕಿರುಬೆರಳು ತೂರುವಷ್ಟು ಅಗಲದ ತೂತಿತ್ತು. ಕೈಜಾರಿ ಬಿದ್ದ ಬಟ್ಟಲು ಹಾಗೆ ಒಡೆಯುವುದಿಲ್ಲ. ಯಾರೋ ಅದನ್ನು ಬೋರಲು ಹಾಕಿ, ಮೊಳೆಯಿಟ್ಟು, ಉಳಿದ ಭಾಗ ಬಿರುಕು ಬಿಡದ ಹಾಗೆ ಎಚ್ಚರದಿಂದ ತಟ್ಟಿದ್ದರು. ಅದರ ಪಕ್ಕದಲ್ಲಿ ಬಾಯಿ ಮೇಲಾಗಿ ಮಲಗಿದ್ದ ಒಂದು ದೊಡ್ಡ ಶಂಖ, ಮುಳ್ಳು ನಿಂತುಹೋದ ಒಂದು ಗಡಿಯಾರ ಮತ್ತು ಸೀಮೆಎಣ್ಣೆ ದೀಪದ ಗಾಜಿನ ಚಿಮಣಿ ಇದ್ದವು. ಗೋರಿಗೆ ಹೆಸರು ಕೆತ್ತಿದ ಕಲ್ಲಿರಲಿಲ್ಲ.

ನಾನು ಅಲ್ಲಿಗೆ ಹೋಗಿದ್ದು ಅಟ್ಲಾಂಟಾದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಹಿರಿಯ ಹೆಂಗಸೊಬ್ಬರ ಮಣ್ಣಿಗೆ. ಅವರು ಹುಟ್ಟಿ ಬೆಳೆದದ್ದು ಆ ಕರಾವಳಿಯ ಕರಿಯರ ಊರೊಂದರಲ್ಲಿ. ಐವತ್ತು ವರ್ಷ ಅಟ್ಲಾಂಟಾದಲ್ಲಿ ಬಾಳಿದರೂ ಸತ್ತ ಮೇಲೆ ತಮ್ಮವರ ನಡುವೆಯೇ ಮಲಗಿಸಬೇಕೆಂದು ಹೇಳಿಟ್ಟಿದ್ದರು. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಹಿರಿಯರನ್ನು ಬರಿ ಹೆಸರು ಹಿಡಿದು ಕರೆಯುವುದಿಲ್ಲ, ಹೆಸರಿಗೆ ಮೊದಲು ‘ಮಿಸ್’ ಎಂದು ಸೇರಿಸುತ್ತಾರೆ. ನಾವೂ ನಮ್ಮ ಮಕ್ಕಳೂ ಅವರನ್ನು ಹಾಗೆಯೇ ಕರೆಯುತ್ತಿದ್ದೆವು. ಸಂಜೆಯ ಹೊತ್ತು ಅವರು ಮುಂಬಾಗಿಲ ಜಗಲಿಯಲ್ಲಿ ಕುಳಿತು, ಅಂಚಿನಲ್ಲಿ ಚೂರು ಎದ್ದುಹೋಗಿದ್ದ ಹಳದಿ ಬಟ್ಟಲಿನಿಂದ ಕಾಫಿ ಕುಡಿಯುತ್ತಾ ನಮ್ಮನ್ನು ಕೂಗಿ ಕರೆಯುತ್ತಿದ್ದರು. ಆ ಜಗಲಿಯ ತಾರಸಿಯ ಒಳಮೈಗೆ ತಿಳಿನೀಲಿ ಬಣ್ಣ ಬಳಿಸಿದ್ದರು. ಅದು ಅವರಿಗೆ ಇಷ್ಟದ ಬಣ್ಣವಿರಬೇಕು ಎಂದಷ್ಟೇ ನಾನು ಅಂದುಕೊಂಡಿದ್ದೆ.

ಬಿಳಿಯ ಬಟ್ಟಲಿನ ಮೇಲೆ ಬಗ್ಗಿದ್ದ ನನ್ನನ್ನು ಕಂಡು ಅವರ ತಂಗಿ ಹತ್ತಿರ ಬಂದು, “ಅದನ್ನು ಮುಟ್ಟಬೇಡ ಮಗು, ಅದು ಅವರದು” ಎಂದು ಮೆಲ್ಲಗೆ ಹೇಳಿದರು. ಆ ಮಾತಿನಲ್ಲಿ ಬೆದರಿಕೆಯಿರಲಿಲ್ಲ. ಒಳಗೆ ಮಲಗಿರುವವರ ಚಪ್ಪಲಿಯನ್ನು ಹೊಸ್ತಿಲಿನಿಂದ ಸರಿಸಬೇಡ ಎನ್ನುವ ದನಿ ಅದು.

ಈ ದಕ್ಷಿಣದ ಹಳೆಯ ಸ್ಮಶಾನಗಳನ್ನು ನಾನು ಹಲವು ವರ್ಷಗಳಿಂದ ಸುತ್ತಿದ್ದೇನೆ. ದೆವ್ವದ ಕಥೆಗಳನ್ನು ಚಿಕ್ಕಂದಿನಿಂದಲೂ ಆಸೆಯಿಂದ ಕೇಳಿಕೊಂಡು ಬಂದಿರುವ ನನಗೆ, ಕೈಯಲ್ಲಿ ಲಾಂದ್ರ ಹಿಡಿದ ಮಾರ್ಗದರ್ಶಿಗಳು ರಾತ್ರಿ ಹೇಳುವ ಇಲ್ಲಿನ ಕಥೆಗಳೂ ಅಷ್ಟೇ ಪ್ರಿಯವಾದವು. ಆದರೆ ಆ ಬಟ್ಟಲನ್ನು ನೋಡಿದ ಮೇಲೆ ಅವೇ ಕಥೆಗಳು ನನಗೆ ಬೇರೆ ರೀತಿಯಲ್ಲಿ ಕೇಳಿಸತೊಡಗಿದವು. ಯಾರ ಗೋರಿಗೆ ದೆವ್ವದ ಕಥೆ ಅಂಟಿಕೊಳ್ಳುತ್ತದೆ, ಯಾರ ಗೋರಿಗೆ ಕಥೆಯೂ ಇರುವುದಿಲ್ಲ ಎಂಬುದನ್ನು ಗಮನಿಸತೊಡಗಿದೆ.

ಜಾರ್ಜಿಯಾದ ಸವಾನಾ ನಗರವನ್ನೇ ತೆಗೆದುಕೊಳ್ಳೋಣ. 1733ರಲ್ಲಿ ಕಟ್ಟಿದ ಈ ಊರಿನ ನಡುವೆ ಕಲೋನಿಯಲ್ ಪಾರ್ಕ್ ಎಂಬ ಸ್ಮಶಾನವಿದೆ. 1750ರಲ್ಲಿ ತೆರೆದು, 1853ರಲ್ಲಿ ಹೂಳುವುದನ್ನು ನಿಲ್ಲಿಸಿ, 1896ರಲ್ಲಿ ಸಾರ್ವಜನಿಕ ಉದ್ಯಾನವಾಗಿ ಮಾಡಿದ ಜಾಗ ಇದು. ಒಳಗೆ ಉಳಿದಿರುವ ಕಲ್ಲುಗಳಿಗಿಂತ ನೆಲದಡಿ ಇರುವ ಜನರ ಸಂಖ್ಯೆ ಎಷ್ಟೋ ಪಾಲು ಹೆಚ್ಚು. ಯಾವ ಗೋರಿಯದೆಂದು ತಿಳಿಯದೆ ಹೋದ ಹಲವು ಕಲ್ಲುಗಳನ್ನು ಪೂರ್ವದ ಇಟ್ಟಿಗೆ ಗೋಡೆಗೆ ಸಾಲಾಗಿ ಜಡಿದಿದ್ದಾರೆ. ಅಂತರ್ಯುದ್ಧದಲ್ಲಿ, 1864ರ ಡಿಸೆಂಬರಿನಲ್ಲಿ, ಉತ್ತರದ ಜನರಲ್ ಶೆರ್ಮನ್ನನ ಸೈನ್ಯ ಊರನ್ನು ಹಿಡಿದಾಗ ಸೈನಿಕರು ಈ ಸ್ಮಶಾನದಲ್ಲಿ ಬೀಡುಬಿಟ್ಟಿದ್ದರೆಂದೂ, ಬೇಸರ ಕಳೆಯಲು ಕತ್ತಿಯ ಮೊನೆಯಿಂದ ಕಲ್ಲುಗಳ ಮೇಲಿನ ಅಂಕಿಗಳನ್ನು ತಿದ್ದಿದರೆಂದೂ ಇಲ್ಲಿ ಹೇಳುತ್ತಾರೆ. ಅದರಿಂದಾಗಿ ಕೆಲವು ಕಲ್ಲುಗಳ ಪ್ರಕಾರ ಸತ್ತವರ ವಯಸ್ಸು ನೂರಾರು ವರ್ಷಗಳಿಗೆ ಏರಿದೆ. ನಾನು ಆ ಗೋಡೆಯ ಪಕ್ಕ ನಿಂತು ಅಂತಹ ಒಂದು ಅಂಕಿಯ ಮೇಲೆ ಬೆರಳಾಡಿಸಿದ್ದೇನೆ. ಮೂಲದ ಕೆತ್ತನೆಯ ಅಂಚು ನುಣುಪಾಗಿ ಸವೆದಿತ್ತು, ಸೇರಿಸಿದ ಗೀರು ಮಾತ್ರ ಒರಟಾಗಿ ಬೆರಳಿಗೆ ತಾಗುತ್ತಿತ್ತು.

ಅಲ್ಲಿನ ಕಲ್ಲುಗಳಲ್ಲಿ ಎರಡು ಸಾವುಗಳು ದ್ವಂದ್ವಯುದ್ಧದವು ಎಂಬುದು ನನ್ನ ಮನಸ್ಸಿನಲ್ಲಿ ಉಳಿದಿದೆ. ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ಬಟನ್ ಗ್ವಿನೆಟ್, 1777ರಲ್ಲಿ ಲಾಕ್ಲನ್ ಮ್ಯಾಕಿಂಟಾಷನ ಗುಂಡಿಗೆ ಸಿಕ್ಕಿ ಸತ್ತವನು, ಇಲ್ಲಿಯೇ ಇದ್ದಾನೆಂದು ನಂಬುತ್ತಾರೆ. ಗುಂಡು ಹೊಡೆದ ಮ್ಯಾಕಿಂಟಾಷನೂ ಮುಂದೆ ತನ್ನ ಕಾಲ ಬಂದಾಗ ಇದೇ ಆವರಣಕ್ಕೆ ಬಂದ. ಜೇಮ್ಸ್ ವೈಲ್ಡ್ ಎಂಬ ಯುವಕನ ಕಲ್ಲಿನ ಮೇಲೆ, ತಾನಿಲ್ಲದಿದ್ದರೆ ಸ್ನೇಹಿತರೇ ಇಲ್ಲದೆ ಇರಬೇಕಿದ್ದವನೊಬ್ಬನ ಕೈಯಿಂದ 1815ರಲ್ಲಿ ಸತ್ತನೆಂದು ಅವನ ಮನೆಯವರು ಬರೆಸಿದ್ದಾರೆ. ಇನ್ನೂರು ವರ್ಷ ಕಳೆದರೂ ಆರದ ಸಿಟ್ಟು ಅದು.

ಮಾರ್ಗದರ್ಶಿಗಳು ಹೆಚ್ಚು ಹೊತ್ತು ನಿಲ್ಲುವುದು ಇದಾವುದರ ಮುಂದೆಯೂ ಅಲ್ಲ. ಏಳಡಿಗೂ ಎತ್ತರದ ರೆನೆ ರಾಂಡೋಲಿಯೆ ಎಂಬಾತ ಮಕ್ಕಳನ್ನು ಕೊಂದನೆಂಬ ಆರೋಪಕ್ಕೆ ಸಿಕ್ಕಿ, ಜನರ ಕೈಯಲ್ಲಿ ನೇಣಿಗೇರಿ, ಇಂದಿಗೂ ಮರಗಳ ನಡುವೆ ಅಲೆಯುತ್ತಾನೆ ಎನ್ನುವ ಕಥೆಯನ್ನು ಅವರು ಬಣ್ಣಿಸಿ ಹೇಳುತ್ತಾರೆ. ಅಂತಹ ಮನುಷ್ಯನೊಬ್ಬ ಬದುಕಿದ್ದನೆಂಬುದಕ್ಕೆ ದಾಖಲೆಯೇ ಇಲ್ಲ. ಅದೇ ಆವರಣದಲ್ಲಿ, 1820ರ ಹಳದಿ ಜ್ವರದಲ್ಲಿ ಊರಿನ ಸುಮಾರು 700 ಮಂದಿ ಸತ್ತರೆಂದು ತಿಳಿಸುವ ಫಲಕವೊಂದಿದೆ. ರೋಗಿಗಳ ಆರೈಕೆ ಮಾಡುತ್ತಲೇ ಸತ್ತ ಇಬ್ಬರು ವೈದ್ಯರೂ ಆ ಲೆಕ್ಕದಲ್ಲಿದ್ದಾರೆ. ಕೆಟ್ಟ ಗಾಳಿಯಿಂದ ಜ್ವರ ಬರುತ್ತದೆಂದು ಅಂದಿನವರು ನಂಬಿದ್ದರು. ಸೊಳ್ಳೆಯೇ ಅದನ್ನು ಹರಡುತ್ತದೆಂದು ಸಾಬೀತಾಗಲು 1900ರವರೆಗೆ, ಕ್ಯೂಬಾದಲ್ಲಿ ವಾಲ್ಟರ್ ರೀಡ್ ಮತ್ತು ಸಂಗಡಿಗರು ಪ್ರಯೋಗ ಮಾಡುವವರೆಗೆ, ಕಾಯಬೇಕಾಯಿತು. ಬೆಳಿಗ್ಗೆ ಗಟ್ಟಿಯಾಗಿದ್ದವರು ವಾರದೊಳಗೆ ಮಣ್ಣಾಗುತ್ತಿದ್ದ, ಕಾರಣವೇ ತಿಳಿಯದ ಆ ಬೇಸಿಗೆಗಳ ಭಯವೇ ಇಲ್ಲಿನ ಎಷ್ಟೋ ಕಥೆಗಳ ಬೇರು ಎಂದು ನನಗೆ ಅನ್ನಿಸುತ್ತದೆ. ಜೀವ ಇರುವಾಗಲೇ ಹೂತುಬಿಟ್ಟರು ಎಂಬ ಕಥೆಗಳು ದಕ್ಷಿಣದ ಹಲವು ಊರುಗಳಲ್ಲಿ ಸಿಗುತ್ತವೆ. ದಕ್ಷಿಣ ಕೆರೊಲೈನಾದ ಎಡಿಸ್ಟೋ ದ್ವೀಪದ ಚರ್ಚಿನಂಗಳದಲ್ಲಿ ಲಗ್ರೀ ಮನೆತನದ ಕಲ್ಲಿನ ಕೋಣೆಯೊಂದಿದೆ. ಗಂಟಲುಮಾರಿಗೆ ಸಿಕ್ಕ ಜೂಲಿಯಾ ಎಂಬ ಹುಡುಗಿಯನ್ನು ಅವಸರದಲ್ಲಿ ಅದರೊಳಗಿಟ್ಟರೆಂದೂ, ವರ್ಷಗಳ ನಂತರ ಮತ್ತೊಬ್ಬರಿಗಾಗಿ ಬಾಗಿಲು ತೆಗೆದಾಗ ಅವಳ ಮೂಳೆಗಳು ಬಾಗಿಲ ಬುಡದಲ್ಲಿ ಬಿದ್ದಿದ್ದವೆಂದೂ, ಅಂದಿನಿಂದ ಆ ಬಾಗಿಲು ಮುಚ್ಚಿಕೊಂಡಿರಲು ಒಪ್ಪುವುದಿಲ್ಲವೆಂದೂ ಹೇಳುತ್ತಾರೆ. ಅವಸರದಲ್ಲಿ ಹೂಳಬೇಕಾಗಿ ಬಂದ ತಾಯಿತಂದೆಯರಿಗೆ, ‘ನಿಜವಾಗಿಯೂ ಉಸಿರು ನಿಂತಿತ್ತೇ’ ಎಂಬ ಒಂದು ಪ್ರಶ್ನೆ ಜೀವಮಾನವಿಡೀ ಕಾಡಿರಬೇಕು. ಈ ಭಯ ಎಷ್ಟು ನಿಜವಾಗಿತ್ತೆಂದರೆ, ಒಳಗಿನಿಂದ ದಾರ ಎಳೆದರೆ ಮೇಲೆ ಗಂಟೆ ಬಾರಿಸುವಂತಹ ಶವಪೆಟ್ಟಿಗೆಗೆ 1868ರಲ್ಲಿ ಅಮೆರಿಕ ಸರ್ಕಾರದ ಪೇಟೆಂಟೂ ಸಿಕ್ಕಿತು.

ಸವಾನಾದ ಪೂರ್ವಕ್ಕೆ, ವಿಲ್ಮಿಂಗ್ಟನ್ ನದಿಯ ದಂಡೆಯಲ್ಲಿ ಬೊನವೆಂಚರ್ ಸ್ಮಶಾನವಿದೆ. ದಕ್ಷಿಣದ ಸ್ಮಶಾನವೆಂದರೆ ಜನರ ಕಣ್ಣ ಮುಂದೆ ಬರುವ ಚಿತ್ರ ಅದರದೇ. ಎರಡೂ ಬದಿಯಿಂದ ಬಾಗಿ ಚಪ್ಪರ ಹಾಕಿದ ಓಕ್ ಮರಗಳು, ಅವುಗಳಿಂದ ನರೆತ ಗಡ್ಡದಂತೆ ಇಳಿಬಿದ್ದ ‘ಸ್ಪ್ಯಾನಿಷ್ ಮಾಸ್’, ಅದರ ನಡುವೆ ಅಮೃತಶಿಲೆಯ ಮೂರ್ತಿಗಳು. ಹೆಸರು ಹಾಗಿದ್ದರೂ ಅದು ಪಾಚಿಯಲ್ಲ. ಅನಾನಸ್ ಕುಟುಂಬಕ್ಕೆ ಸೇರಿದ, ಬೇರಿಲ್ಲದೆ ಗಾಳಿಯ ತೇವದಿಂದಲೇ ಬದುಕುವ ಸಸ್ಯ. 1867ರಲ್ಲಿ, ಇನ್ನೂ ಹೆಸರು ಮಾಡದಿದ್ದ ತರುಣ ಜಾನ್ ಮ್ಯೂರ್ ದಕ್ಷಿಣಕ್ಕೆ ಕಾಲ್ನಡಿಗೆಯಲ್ಲಿ ಬರುತ್ತಾ ಕೈಯಲ್ಲಿ ಕಾಸಿಲ್ಲದೆ, ಊರಿನಿಂದ ಹಣ ಬರುವವರೆಗೆ ಕೆಲವು ರಾತ್ರಿ ಇಲ್ಲಿನ ಗೋರಿಗಳ ನಡುವೆ ಮಲಗಿದ್ದ. ದೆವ್ವದ ಭಯಕ್ಕೆ ಕಳ್ಳಕಾಕರು ಇತ್ತ ಬರುವುದಿಲ್ಲವಾದ್ದರಿಂದ ಇದೇ ಸುರಕ್ಷಿತವೆಂಬುದು ಅವನ ಲೆಕ್ಕಾಚಾರ. ಮುಂದೆ ಅಮೆರಿಕದ ಕಾಡುಗಳನ್ನು ಉಳಿಸಲು ಹೋರಾಡಿದ ಈ ಮನುಷ್ಯ, ಅಲ್ಲಿನ ಹಕ್ಕಿಗಳನ್ನೂ ಮರಗಳನ್ನೂ ಕಂಡು ಇದು ಸಾವಿನ ಜಾಗವಲ್ಲ, ಜೀವ ತುಂಬಿದ ಜಾಗ ಎಂಬ ಅರ್ಥದ ಮಾತುಗಳನ್ನು ಬರೆದಿಟ್ಟ.

ಬೊನವೆಂಚರಿನಲ್ಲಿ ಎಲ್ಲರೂ ಹುಡುಕಿಕೊಂಡು ಹೋಗುವುದು ಗ್ರೇಸಿ ವಾಟ್ಸನ್ ಎಂಬ ಮಗುವಿನ ಗೋರಿಗೆ. ಅವಳ ತಂದೆ ಊರಿನ ಪುಲಾಸ್ಕಿ ಹೌಸ್ ಎಂಬ ಹೋಟೆಲಿನ ವ್ಯವಸ್ಥಾಪಕ. ಬಂದ ಅತಿಥಿಗಳಿಗೆಲ್ಲ ಹಾಡಿ ಕುಣಿದು ತೋರಿಸುತ್ತಿದ್ದ ಮಗು 1889ರಲ್ಲಿ, ಆರನೆಯ ವಯಸ್ಸಿನಲ್ಲಿ, ನ್ಯುಮೋನಿಯಾದಿಂದ ಸತ್ತಿತು. ತಂದೆ ಒಂದು ಭಾವಚಿತ್ರವನ್ನು ಶಿಲ್ಪಿ ಜಾನ್ ವಾಲ್ಜ್ ಅವರಿಗೆ ಕೊಟ್ಟು ನಿಜಗಾತ್ರದ ಮೂರ್ತಿ ಮಾಡಿಸಿದ. ಅಂಗಿಯ ಗುಂಡಿ, ಬೂಟಿನ ಮಡಿಕೆ, ಕೈಕೆಳಗಿನ ಕಡಿದ ಮರದ ಬೊಡ್ಡೆ, ಎಲ್ಲವೂ ಕಲ್ಲಿನಲ್ಲಿ ಹಾಗೆಯೇ ಇಳಿದಿವೆ. ಆ ಕಾಲದ ಗೋರಿಗಳಲ್ಲಿ ಕಡಿದ ಮರ, ಮುರಿದ ಕಂಬ ಎಂದರೆ ಅರ್ಧಕ್ಕೇ ನಿಂತ ಆಯುಷ್ಯ ಎಂದರ್ಥ. ಕುರಿಮರಿ ಇದ್ದರೆ ಅದು ಮಗುವಿನ ಗೋರಿ. ಕೆಲವು ಕಾಲದ ಮೇಲೆ ತಂದೆತಾಯಿ ಊರು ಬಿಟ್ಟು ಉತ್ತರಕ್ಕೆ ಹೋದರು, ಮಗು ಒಂಟಿಯಾಗಿ ಇಲ್ಲಿ ಉಳಿಯಿತು. ಈಗ ಕಬ್ಬಿಣದ ಬೇಲಿಯ ಸಂದಿನಿಂದ ಜನ ಗೊಂಬೆ, ಆಟಿಕೆ, ನಾಣ್ಯಗಳನ್ನು ಇಟ್ಟು ಹೋಗುತ್ತಾರೆ. ಅವನ್ನು ಯಾರಾದರೂ ತೆಗೆದರೆ ಮೂರ್ತಿಯ ಕಣ್ಣಿನಿಂದ ರಕ್ತದ ಹನಿ ಬೀಳುತ್ತದೆಂಬ ಮಾತಿದೆ. ಆ ಮಾತನ್ನು ನಾನು ನಂಬುವುದಿಲ್ಲ. ಆದರೆ ಯಾರದೋ ಮಗುವಿಗೆ ನೂರು ವರ್ಷ ಕಳೆದ ಮೇಲೂ ಗೊಂಬೆ ತಂದುಕೊಡುವ ಅಪರಿಚಿತರನ್ನು ಕಂಡಾಗ ಗಂಟಲು ಕಟ್ಟುತ್ತದೆ.

ಬೊನವೆಂಚರಿನ ಇನ್ನೊಂದು ಕಥೆಯ ಬಗ್ಗೆ ನನಗೆ ತಕರಾರಿದೆ. ಸ್ಮಶಾನವಾಗುವ ಮುಂಚೆ ಆ ಜಾಗ ಟ್ಯಾಟ್ನಲ್ ಮನೆತನದ ತೋಟವಾಗಿತ್ತು. ಒಂದು ರಾತ್ರಿ ಔತಣ ನಡೆಯುತ್ತಿರುವಾಗ ಮನೆಗೆ ಬೆಂಕಿ ಬಿದ್ದಿತಂತೆ. ಉಳಿಸಲು ಸಾಧ್ಯವಿಲ್ಲವೆಂದು ತಿಳಿದ ಯಜಮಾನ ಮೇಜು, ಕುರ್ಚಿ, ಬಡಿಸಿದ್ದ ಊಟ ಎಲ್ಲವನ್ನೂ ತೋಟಕ್ಕೆ ಹೊರಿಸಿ, ಉರಿಯುವ ಮನೆಯ ಬೆಳಕಿನಲ್ಲಿಯೇ ಊಟ ಮುಂದುವರಿಸಿ, ಕೊನೆಗೆ ಮದ್ಯದ ಗಾಜಿನ ಲೋಟವನ್ನು ಓಕ್ ಮರಕ್ಕೆ ಒಗೆದನಂತೆ. ಇಂದಿಗೂ ಕೆಲವು ರಾತ್ರಿ ಅತಿಥಿಗಳ ನಗುವೂ ಗಾಜು ಒಡೆಯುವ ಸದ್ದೂ ಕೇಳುತ್ತದೆ ಎನ್ನುತ್ತಾರೆ. ಈ ಕಥೆಯನ್ನು ನಾನು ನಾಲ್ಕು ಸಲ, ನಾಲ್ಕು ಜನರ ಬಾಯಲ್ಲಿ ಕೇಳಿದ್ದೇನೆ. ಉರಿಯುವ ಮನೆಯೊಳಕ್ಕೆ ನುಗ್ಗಿ ಆ ಮೇಜುಗಳನ್ನು ಹೊತ್ತು ತಂದವರು ಯಾರು ಎಂದು ಒಬ್ಬರೂ ಹೇಳಲಿಲ್ಲ. ಹದಿನೆಂಟನೆಯ ಶತಮಾನದ ಜಾರ್ಜಿಯಾದ ತೋಟವೊಂದರಲ್ಲಿ ಆ ಕೆಲಸ ಮಾಡಿದವರು ಗುಲಾಮರಲ್ಲದೆ ಬೇರೆಯವರಲ್ಲ. ಉಂಡವರು ದೆವ್ವವಾಗಿ ಇಂದಿಗೂ ನಗುತ್ತಿದ್ದಾರೆ. ಹೊತ್ತವರ ಹೆಜ್ಜೆಯ ಸದ್ದು ಯಾರಿಗೂ ಕೇಳಿಸುವುದಿಲ್ಲ.

ಲೂಸಿಯಾನಾ ರಾಜ್ಯದ ನ್ಯೂ ಆರ್ಲಿಯನ್ಸಿನಲ್ಲಿ ಮಾತ್ರ ದೆವ್ವದ ಕಥೆಗಿಂತ ಹೂಳುವ ಪದ್ಧತಿಯೇ ನನ್ನನ್ನು ಹೆಚ್ಚು ಹಿಡಿದಿಟ್ಟಿತು. 1789ರಲ್ಲಿ ತೆರೆದ ಅಲ್ಲಿನ ಸೇಂಟ್ ಲೂಯಿಸ್ ಮೊದಲನೆಯ ಸ್ಮಶಾನದಲ್ಲಿ ಗೋರಿಗಳು ನೆಲದ ಮೇಲೆಯೇ, ಸಣ್ಣ ಮನೆಗಳ ಹಾಗೆ, ಓಣಿಗಳ ಇಕ್ಕೆಲದಲ್ಲಿ ನಿಂತಿವೆ. ನೆಲ ಅಗೆದರೆ ನೀರು ಬರುವ ಊರಾದ್ದರಿಂದ ಹಾಗೆ ಕಟ್ಟಿದರೆಂದು ಎಲ್ಲರೂ ಹೇಳುತ್ತಾರೆ. ಅದು ಒಂದು ಕಾರಣ. ಫ್ರೆಂಚರೂ ಸ್ಪೇನಿನವರೂ ತಮ್ಮ ನಾಡಿನಿಂದ ತಂದ ರೂಢಿಯೂ ಅಷ್ಟೇ ಮುಖ್ಯ. ಇಟ್ಟಿಗೆಯ ಕೋಣೆಯೊಳಗೆ ಶವಪೆಟ್ಟಿಗೆಯನ್ನಿಟ್ಟು ಬಾಯಿ ಮುಚ್ಚಿದರೆ ಕನಿಷ್ಠ ಒಂದು ವರ್ಷ ಒಂದು ದಿನ ಅದನ್ನು ತೆಗೆಯುವಂತಿಲ್ಲ. ಲೂಸಿಯಾನಾದ ಬೇಸಿಗೆಗೆ ಒಳಗೆ ಕುಲುಮೆಯಂತೆ ಕಾವೇರುತ್ತದೆ. ಅಲ್ಲಿಯ ಗೋಡೆಗೂಡುಗಳಿಗೆ ‘ಒಲೆ’ ಎಂದೇ ಹೆಸರು. ಮನೆಯಲ್ಲಿ ಮತ್ತೊಂದು ಸಾವಾದಾಗ ಬಾಯಿ ತೆರೆದು, ಹಳೆಯ ಪೆಟ್ಟಿಗೆಯ ಮರವನ್ನು ಹೊರಹಾಕಿ, ಉಳಿದ ಮೂಳೆಗಳನ್ನು ಹಿಂದಕ್ಕೆ ಅಥವಾ ಕೆಳಗಿನ ಗುಳಿಗೆ ಸರಿಸಿ ಹೊಸಬರಿಗೆ ಜಾಗ ಮಾಡುತ್ತಾರೆ. ಹೀಗೆ ಅಜ್ಜಿ, ಮಗ, ಮೊಮ್ಮಗಳು, ಎಲ್ಲರೂ ಕೊನೆಗೆ ಒಂದೇ ಗುಳಿಯಲ್ಲಿ ಬೆರೆತುಹೋಗುತ್ತಾರೆ. ನವೆಂಬರ್ 1ರ ಸರ್ವಸಂತರ ಹಬ್ಬಕ್ಕೆ ಮನೆಯವರು ಬಂದು ಗೋರಿಗೆ ಸುಣ್ಣ ಬಳಿದು, ಸೇವಂತಿಗೆ ಇಟ್ಟು ಹೋಗುವ ಪದ್ಧತಿಯಿದೆ.

ಆ ಸುಣ್ಣಕ್ಕೆ ಒಂದು ಕೆಲಸವಿದೆ. ಹಳೆಯ ಮೆತ್ತನೆಯ ಇಟ್ಟಿಗೆ ಹೀರಿಕೊಂಡ ತೇವ ಸುಣ್ಣದ ಮೂಲಕ ಹೊರಗೆ ಆರಿಹೋಗುತ್ತದೆ. ಆಫ್ರಿಕದ ಬೇರಿನ ವೂಡೂ ಎಂಬ ಪೂಜಾಪದ್ಧತಿಯ ರಾಣಿಯೆಂದು ಹೆಸರಾದ, 1881ರಲ್ಲಿ ಸತ್ತ ಮರಿ ಲವೋ ಇರುವಳೆಂದು ನಂಬುವ ಗೋರಿಗೆ 2013ರ ಕೊನೆಯಲ್ಲಿ ಯಾರೋ ರಾತ್ರೋರಾತ್ರಿ ಗುಲಾಬಿ ಬಣ್ಣ ಬಳಿದುಹೋದರು. ತೇವ ಹೊರಹೋಗಲು ಬಿಡದ ಇಂದಿನ ಬಣ್ಣ ಇಟ್ಟಿಗೆಯನ್ನು ಒಳಗಿನಿಂದಲೇ ಕೊಳೆಸುವುದರಿಂದ, ಅದನ್ನು ಬಹಳ ಶ್ರಮಪಟ್ಟು ತೆಗೆಯಬೇಕಾಯಿತು. ಅದಕ್ಕೂ ಮುಂಚೆ, ಮೂರು ಗುಣಾಕಾರ ಚಿಹ್ನೆ ಗೀಚಿ ಬೇಡಿಕೊಂಡರೆ ಆಸೆ ಈಡೇರುತ್ತದೆಂಬ ಕಥೆಯನ್ನು ನಂಬಿ ಪ್ರವಾಸಿಗರು ಆ ಗೋಡೆಯನ್ನು ಇಟ್ಟಿಗೆ ಚೂರುಗಳಿಂದ ಗೀಚಿ ಗೀಚಿ ಹಾಳುಮಾಡಿದ್ದರು. 2015ರಿಂದ ಮಾರ್ಗದರ್ಶಿಯಿಲ್ಲದೆ ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ಒಂದು ದಂತಕಥೆ ಗೋರಿಯನ್ನು ಉಳಿಸಲೂಬಹುದು, ಕೆರೆದು ತಿನ್ನಲೂಬಹುದು. ಇಲ್ಲಿ ಎರಡೂ ಆಯಿತು.

ನಾನಿರುವ ಅಟ್ಲಾಂಟಾದ ಓಕ್ಲೆಂಡ್ ಸ್ಮಶಾನಕ್ಕೆ ನಾನು ತಿಂಗಳಿಗೊಮ್ಮೆಯಾದರೂ ಹೋಗುತ್ತೇನೆ. 1850ರಲ್ಲಿ 6 ಎಕರೆಯಲ್ಲಿ ಶುರುವಾಗಿ ಈಗ 48 ಎಕರೆ ಹರಡಿರುವ ಇಲ್ಲಿ ಸುಮಾರು 70,000 ಮಂದಿ ಮಲಗಿದ್ದಾರೆ. ಗಾಲ್ಫ್ ಆಟಗಾರ ಬಾಬಿ ಜೋನ್ಸ್ ಅವರ ಕಲ್ಲಿನ ಬಳಿ ಅಭಿಮಾನಿಗಳು ಚೆಂಡು ಇಟ್ಟು ಹೋಗುತ್ತಾರೆ. ಅಂತರ್ಯುದ್ಧದಲ್ಲಿ ಸತ್ತ ದಕ್ಷಿಣದ ಸೈನಿಕರ ಸಾಲುಗಳಲ್ಲಿ, ರಾತ್ರಿ ಯಾರೋ ಹಾಜರಿ ಕರೆಯುವ ದನಿಯೂ ‘ಇದ್ದೇನೆ’ ಎಂದು ಒಬ್ಬೊಬ್ಬರೇ ಓಗೊಡುವ ದನಿಯೂ ಕೇಳುತ್ತದೆಂಬ ಕಥೆಯಿದೆ. ಕೇಳಲು ಮೈ ಜುಮ್ಮೆನ್ನುವ ಕಥೆಯೇ ಸರಿ. ಆದರೆ ಇದೇ ಸ್ಮಶಾನದಲ್ಲಿ ಹಾಜರಿಪಟ್ಟಿಯಲ್ಲಿಯೇ ಇಲ್ಲದವರು ಎಷ್ಟು ಮಂದಿ! 1852ರಲ್ಲಿ ನಗರಸಭೆ ಕರಿಯರನ್ನು ಪೂರ್ವದ ತುದಿಯ ಒಂದು ಚೌಕದಲ್ಲಿ ಮಾತ್ರ ಹೂಳಬೇಕೆಂದು ಗೊತ್ತುಮಾಡಿತು. ಅದಕ್ಕೆ ‘ಗುಲಾಮರ ಚೌಕ’ ಎಂಬ ಹೆಸರು ಬಂತು. ಸ್ಮಶಾನ ಬೆಳೆಯುತ್ತಾ ಹೋದಂತೆ ಆ ತುದಿ ನಡುವಾಯಿತು, ಬೆಲೆ ಬಂತು. 1877ರಲ್ಲಿ ಅಲ್ಲಿದ್ದ ದೇಹಗಳನ್ನು ಅಗೆದು ತೆಗೆಸಿ ಬೇರೆಡೆ ಹಾಕಿಸಿ, ಆ ಜಾಗವನ್ನು ಬಿಳಿಯರ ಕುಟುಂಬಗಳಿಗೆ ಮಾರಿದರು. ಅವರ ಗೋರಿಗಳಿಗೆ ಇದ್ದದ್ದು ಹೆಚ್ಚಾಗಿ ಮರದ ಗುರುತುಗಳು, ಇಲ್ಲವೇ ನೆಟ್ಟ ಗಿಡಗಳು. ಮರ ಕೊಳೆಯಿತು, ಗಿಡವನ್ನು ಕಳೆಯೆಂದು ಕಿತ್ತರು. ಹಲವು ವರ್ಷಗಳ ಕೆಲಸದ ನಂತರ 2022ರಲ್ಲಿ ಆಫ್ರಿಕನ್ ಅಮೆರಿಕನ್ನರ ಭಾಗದ ಜೀರ್ಣೋದ್ಧಾರ ಮುಗಿದಾಗ ನಾನು ಹೋಗಿ ನೋಡಿದೆ. ಹುಲ್ಲಿನ ದೊಡ್ಡ ದೊಡ್ಡ ಖಾಲಿ ಜಾಗಗಳು ಈಗಲೂ ಹಾಗೆಯೇ ಇವೆ. ಅವು ಖಾಲಿಯಲ್ಲ ಎಂದು ತಿಳಿದ ಮೇಲೆ ಅವುಗಳ ಮೇಲೆ ಕಾಲಿಡಲು ಆಗುವುದಿಲ್ಲ.

ಸವಾನಾದಲ್ಲಿಯೂ ಇದೇ ಕಥೆ. ಗುಲಾಮರನ್ನು ಹೂಳುತ್ತಿದ್ದ ನೆಲದ ಮೇಲೆ ಊರು ಬೆಳೆದು, ಚೆಲುವಾದ ಚೌಕಗಳಾದವು. ಅವುಗಳಲ್ಲಿ ಒಂದಕ್ಕೆ 1851ರಲ್ಲಿ ಇಟ್ಟದ್ದು, ಗುಲಾಮಗಿರಿಯನ್ನು ಕೊನೆಯವರೆಗೂ ಸಮರ್ಥಿಸಿದ ಜಾನ್ ಕಲ್ಹೂನ್ ಎಂಬ ರಾಜಕಾರಣಿಯ ಹೆಸರು. ಅದನ್ನು ತೆಗೆದು 2023ರಲ್ಲಿ, ಗುಲಾಮಳಾಗಿ ಹುಟ್ಟಿ ಕದ್ದುಮುಚ್ಚಿ ಓದಲು ಕಲಿತು ಕರಿಯ ಸೈನಿಕರಿಗೆ ಅಕ್ಷರ ಕಲಿಸಿದ, ಅವರ ಗಾಯಗಳಿಗೆ ಶುಶ್ರೂಷೆ ಮಾಡಿದ ಸೂಸಿ ಕಿಂಗ್ ಟೇಲರ್ ಹೆಸರನ್ನು ಇಟ್ಟರು. ಈ ಬದಲಾವಣೆಗಾಗಿ ವರ್ಷಗಟ್ಟಲೆ ದುಡಿದ ಊರಿನವರಿಗೆ ನಾನು ಮನಸಾರೆ ಕೃತಜ್ಞ.

ಇನ್ನು ಆ ಬಟ್ಟಲಿನ ಮಾತು. ಕಲ್ಲು ಕೊಳ್ಳುವ ಹಣವಾಗಲಿ, ಕೆಲವೊಮ್ಮೆ ಅಪ್ಪಣೆಯಾಗಲಿ ಇಲ್ಲದವರು ತಮ್ಮವರ ಗೋರಿಯನ್ನು ಗುರುತಿಸಲು ಮಾಡಿಕೊಂಡ ಭಾಷೆ ಅದು. ಜಾರ್ಜಿಯಾ ಮತ್ತು ದಕ್ಷಿಣ ಕೆರೊಲೈನಾದ ಕರಾವಳಿಯ, ಗಲ್ಲಾ ಗೀಚಿ ಎಂದು ಕರೆಯುವ ಕರಿಯರ ಸಮುದಾಯದವರು, ಸತ್ತವರು ಕೊನೆಯದಾಗಿ ಮುಟ್ಟಿದ, ಬಳಸಿದ ವಸ್ತುಗಳನ್ನು ಗೋರಿಯ ಮೇಲೆ ಇಡುತ್ತಿದ್ದರು: ಕುಡಿದ ಬಟ್ಟಲು, ಔಷಧಿಯ ಸೀಸೆ, ಚಮಚ, ದೀಪ, ಗಡಿಯಾರ. ಸತ್ತವರಿಗೆ ಅವು ಬೇಕಾಗುತ್ತವೆ, ಇಲ್ಲದಿದ್ದರೆ ಹುಡುಕಿಕೊಂಡು ಮನೆಗೆ ಬರುತ್ತಾರೆ. ಅವನ್ನು ಒಡೆದೇ ಇಡಬೇಕು, ಏಕೆಂದರೆ ಒಡೆದರೆ ಮಾತ್ರ ಸರಪಳಿ ಕಡಿಯುತ್ತದೆ. ಕಡಿಯದಿದ್ದರೆ ಮನೆಯ ಉಳಿದವರೂ ಒಬ್ಬೊಬ್ಬರಾಗಿ ಅದೇ ದಾರಿ ಹಿಡಿಯುತ್ತಾರೆ. 1930ರ ದಶಕದ ಕೊನೆಯಲ್ಲಿ ಈ ಕರಾವಳಿಯಲ್ಲಿ ಜನರ ಮಾತುಗಳನ್ನು ಬರೆದುಕೊಂಡ ಸರ್ಕಾರಿ ಯೋಜನೆಯವರಿಗೆ ಹಳಬರು ಕೊಟ್ಟ ವಿವರಣೆ ಇದು. ಚಿತೆಯ ಸುತ್ತ ತೂತಿನ ಮಡಕೆ ಹೊತ್ತು ಮೂರು ಸುತ್ತು ಬಂದು, ಹಿಂತಿರುಗಿ ನೋಡದೆ ಅದನ್ನು ಬೆನ್ನ ಹಿಂದೆ ಬೀಳಿಸಿದ ನನಗೆ ಆ ವಿವರಣೆಗೆ ಟಿಪ್ಪಣಿ ಬೇಕಾಗಲಿಲ್ಲ.

ಶಂಖವೂ ಬಿಳಿಯ ಚಿಪ್ಪುಗಳೂ ಸಮುದ್ರದ ಗುರುತು. ಅಲ್ಲಿಗೆ ಗುಲಾಮರಾಗಿ ಬಂದವರಲ್ಲಿ ಅನೇಕರು ಕಾಂಗೋ ಸೀಮೆಯವರು. ಸತ್ತವರ ಲೋಕ ನೀರಿನ ಕೆಳಗಿದೆ, ಅದರ ಬಣ್ಣ ಬಿಳಿ ಎಂಬುದು ಅವರ ನಂಬಿಕೆ. ಹಡಗಿನಲ್ಲಿ ತಂದ ಸಮುದ್ರವೇ ಮರಳಿ ಒಯ್ಯುತ್ತದೆಂಬ ಅರ್ಥವನ್ನು ಮುಂದಿನ ತಲೆಮಾರುಗಳು ಅದಕ್ಕೆ ಸೇರಿಸಿದವು. ಹಗಲೆಲ್ಲ ಹೊಲದಲ್ಲಿ ದುಡಿಯಬೇಕಾದ್ದರಿಂದ ಅವರು ತಮ್ಮವರನ್ನು ಪಂಜಿನ ಬೆಳಕಿನಲ್ಲಿ ರಾತ್ರಿ ಹೂಳುತ್ತಿದ್ದರು. ಸತ್ತವರ ಪ್ರೀತಿ ಎಳೆಯ ಮಕ್ಕಳನ್ನು ಕಾಡದಿರಲೆಂದು ಮಗುವನ್ನು ಎತ್ತಿ ಶವಪೆಟ್ಟಿಗೆಯ ಮೇಲಿನಿಂದ ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸುತ್ತಿದ್ದರು. ಮನೆಯ ಬಾಗಿಲಿಗೂ ಕಿಟಕಿಗೂ ಜಗಲಿಯ ತಾರಸಿಗೂ ನೀಲಿ ಬಳಿಯುವುದು ಇದೇ ಸರಣಿಯ ಮಾತು. ದೆವ್ವಕ್ಕೆ ಅಲ್ಲಿಯವರು ‘ಹೇಂಟ್’ ಎನ್ನುತ್ತಾರೆ. ಹೇಂಟ್ ನೀರನ್ನು ದಾಟಲಾರದು, ನೀಲಿಯನ್ನು ಕಂಡರೆ ನೀರೆಂದು ತಿಳಿದು ಹಿಂದಿರುಗುತ್ತದೆ. ಆ ನೀಲಿಯನ್ನು ಮೊದಲು ಮಾಡಿದ್ದು, ಅವರೇ ಬೆವರು ಸುರಿಸಿ ಬೆಳೆದ ನೀಲಿ ಗಿಡದ ಬಣ್ಣ ತೆಗೆದ ತೊಟ್ಟಿಗಳಲ್ಲಿ ಉಳಿದ ಗಸಿಯಿಂದ, ಸುಣ್ಣ ಮತ್ತು ಹಾಲು ಬೆರೆಸಿ ಎನ್ನುತ್ತಾರೆ. ಕೆರೊಲೈನಾದಲ್ಲಿ 1740ರ ದಶಕದಿಂದ ಹಣ ತಂದ ಆ ಬೆಳೆ, ಅಮೆರಿಕ ಸ್ವತಂತ್ರವಾಗಿ ಬ್ರಿಟಿಷರ ಕೈತಪ್ಪಿದ ಮೇಲೆ ಬಂಗಾಳದ ರೈತರ ಕೊರಳಿಗೆ ಬಿತ್ತು. ನಮ್ಮ ಪಕ್ಕದ ಮನೆಯ ಜಗಲಿಯ ತಾರಸಿ ಏಕೆ ನೀಲಿಯಾಗಿತ್ತೆಂದು ನನಗೆ ತಿಳಿದದ್ದು ಅವರು ಹೋದ ಮೇಲೆ.

ಅವರ ಮಣ್ಣಿನಿಂದ ಹಿಂದಿರುಗುವಾಗ ಅದೇ ಕರಾವಳಿಯ ಹ್ಯಾರಿಸ್ ನೆಕ್ ಎಂಬ ಜಾಗಕ್ಕೆ ಹೋದೆವು. ಗುಲಾಮಗಿರಿ ಮುಗಿದ ಮೇಲೆ ಕರಿಯರು ಸ್ವಂತ ನೆಲದಲ್ಲಿ ಕಟ್ಟಿಕೊಂಡ ಊರು ಅದು. ಭಾಷಾವಿಜ್ಞಾನಿ ಲೊರೆಂಜೊ ಟರ್ನರ್ 1930ರ ದಶಕದ ಆರಂಭದಲ್ಲಿ ಅಲ್ಲಿ ಅಮೀಲಿಯಾ ಡಾಲಿ ಎಂಬ ಹೆಂಗಸಿನಿಂದ ಐದು ಸಾಲಿನ ಒಂದು ಹಾಡನ್ನು ಧ್ವನಿಮುದ್ರಿಸಿಕೊಂಡರು. ತಾಯಿಯಿಂದ ಕಲಿತ ಆ ಹಾಡಿನ ಅರ್ಥ ಆಕೆಗೆ ಗೊತ್ತಿರಲಿಲ್ಲ. ಅದು ಪಶ್ಚಿಮ ಆಫ್ರಿಕದ ಸಿಯೆರಾ ಲಿಯೋನಿನ ಮೆಂಡೆ ಭಾಷೆಯದೆಂದು ಆ ನಾಡಿನ ವಿದ್ಯಾರ್ಥಿಯೊಬ್ಬರು ಗುರುತಿಸಿದರು. ದಶಕಗಳ ನಂತರ ವಿದ್ವಾಂಸರು ಹುಡುಕುತ್ತಾ ಹೋದಾಗ, ಸೆನೆಹುನ್ ಎನ್‌ಗೋಲಾ ಎಂಬ ದೂರದ ಹಳ್ಳಿಯಲ್ಲಿ ಬೆಂಡು ಜಬಾಟಿ ಎಂಬ ಹೆಂಗಸು ಹೆಚ್ಚುಕಡಿಮೆ ಅದೇ ಹಾಡನ್ನು ಹಾಡಿದಳು. ಅದು ಗೋರಿಯ ಬಳಿ ಹೆಂಗಸರು ನಡೆಸುತ್ತಿದ್ದ ಕ್ರಿಯೆಯ ಹಾಡು. ಎಲ್ಲರೂ ಕೂಡಿ ಬನ್ನಿ, ಗೋರಿಯ ಕೆಲಸ ಇನ್ನೂ ಮುಗಿದಿಲ್ಲ, ಸತ್ತವರ ಎದೆ ತಣ್ಣಗಿರಲಿ ಎಂಬುದು ಅದರ ತಾತ್ಪರ್ಯ. ಈ ಹಾಡನ್ನು ಬಿಡಬೇಡ, ಇದನ್ನು ಬಲ್ಲವರು ಬಂದರೆ ಅವರು ನಮ್ಮವರೆಂದು ತಿಳಿ ಎಂದು ಬೆಂಡುವಿನ ಅಜ್ಜಿ ಹೇಳಿಟ್ಟಿದ್ದಳು. 1997ರಲ್ಲಿ ಅಮೀಲಿಯಾಳ ಮಗಳು ಮೇರಿ ಮೊರಾನ್ ಹ್ಯಾರಿಸ್ ನೆಕ್ಕಿನ ಸೀಮೆಯಿಂದ ಹೊರಟು ಆ ಹಳ್ಳಿಗೆ ಹೋದರು. ಇಬ್ಬರೂ ಒಟ್ಟಿಗೆ ಹಾಡಿದರು. ಪರದೇಶಕ್ಕೆ ಒಯ್ದ ಹೆಣ್ಣೊಬ್ಬಳು ಎಲ್ಲವನ್ನೂ ಕಳೆದುಕೊಂಡು ಈ ಒಂದನ್ನೇ ಏಕೆ ಉಳಿಸಿಕೊಂಡಳು ಎಂದು ಕೇಳಿದಾಗ, ಮನುಷ್ಯ ಯಾವ ನುಡಿಯಲ್ಲಿ ಬದುಕಿದರೂ ಸತ್ತವರಿಗಾಗಿ ಅಳುವುದು ತನ್ನ ನುಡಿಯಲ್ಲಿಯೇ ಎಂಬ ಅರ್ಥದ ತಮ್ಮ ಗಾದೆಯನ್ನು ಆ ಹಳ್ಳಿಯ ವೃದ್ಧ ಮುಖ್ಯಸ್ಥ ಹೇಳಿದ. ನಮ್ಮ ತಂದೆ ತೀರಿಕೊಂಡ ಸುದ್ದಿ ಬಂದ ರಾತ್ರಿ, ಅಟ್ಲಾಂಟಾದಲ್ಲಿ ಹುಟ್ಟಿ ಕನ್ನಡವನ್ನು ತಡವರಿಸುತ್ತಾ ಆಡುವ ನನ್ನ ಮಗಳು ‘ಅಜ್ಜಾ’ ಎಂದು ಅತ್ತದ್ದು ನನಗೆ ನೆನಪಾಯಿತು.

ಇಂದು ಹ್ಯಾರಿಸ್ ನೆಕ್ಕಿನಲ್ಲಿ ಊರಿಲ್ಲ. 1942ರಲ್ಲಿ, ಯುದ್ಧದ ಕಾಲದಲ್ಲಿ, ವಿಮಾನನೆಲೆ ಬೇಕೆಂದು ಸರ್ಕಾರ ಅಲ್ಲಿನ ಕುಟುಂಬಗಳನ್ನೆಲ್ಲ ಕೆಲವೇ ವಾರಗಳಲ್ಲಿ ಎಬ್ಬಿಸಿತು. ಯುದ್ಧ ಮುಗಿದ ಮೇಲೆ ನೆಲ ಅವರಿಗೆ ಮರಳಲಿಲ್ಲ, 1962ರಲ್ಲಿ ವನ್ಯಜೀವಿಧಾಮವಾಯಿತು. ನಾವು ಹೋದಾಗ ಕೊಳದ ಮರಗಳ ತುಂಬ ಕೊಕ್ಕರೆಗಳು ಗೂಡು ಕಟ್ಟಿದ್ದವು, ನಮ್ಮ ಕೊಕ್ಕರೆಬೆಳ್ಳೂರಿನ ಬಣ್ಣದ ಕೊಕ್ಕರೆಗಳ ಕುಲದವೇ. ಕೊಕ್ಕರೆಬೆಳ್ಳೂರಿನಲ್ಲಿ ಮನೆಯ ಹಿತ್ತಲ ಹುಣಸೆಮರದಲ್ಲಿ ಹಕ್ಕಿ, ಕೆಳಗೆ ಜನ. ಇಲ್ಲಿ ಹಕ್ಕಿಗಾಗಿ ಕಾಯ್ದಿಟ್ಟ ನೆಲದಲ್ಲಿ ಜನರಿಗೆ ಉಳಿದದ್ದು ಗೂಲ್ಡ್ ಸ್ಮಶಾನ ಒಂದೇ. ಅಲ್ಲಿಯವರ ಮಕ್ಕಳು ಮೊಮ್ಮಕ್ಕಳು ತಮ್ಮವರನ್ನು ಹೂಳಲು ಈಗಲೂ ಅಲ್ಲಿಗೆ ಬರುತ್ತಾರೆ.

ವರ್ಷ ತುಂಬಿದ ಮೇಲೆ, ಕಳೆದ ಮಾರ್ಚಿನಲ್ಲಿ, ನಾನು ಆ ಸಣ್ಣ ಚರ್ಚಿನ ಹಿಂದಿನ ಸ್ಮಶಾನಕ್ಕೆ ಮತ್ತೆ ಹೋದೆ. ನಮ್ಮ ಪಕ್ಕದ ಮನೆಯವರ ಗೋರಿಗೆ ಈಗ ಗ್ರಾನೈಟ್ ಕಲ್ಲು ಬಂದಿದೆ. ತಲೆ ಪಶ್ಚಿಮಕ್ಕೆ, ಕಾಲು ಪೂರ್ವಕ್ಕೆ ಇರುವಂತೆ, ಎದ್ದು ಕುಳಿತರೆ ಸೂರ್ಯೋದಯ ಕಾಣುವಂತೆ ಎಲ್ಲರ ಹಾಗೆಯೇ ಅವರನ್ನೂ ಮಲಗಿಸಿದ್ದಾರೆ. ಕಲ್ಲಿನ ಬುಡದಲ್ಲಿ, ಬಿಳಿಯ ಚಿಪ್ಪುಗಳ ಸಾಲಿನ ನಡುವೆ, ಅಂಚಿನಲ್ಲಿ ಚೂರು ಎದ್ದುಹೋದ ಹಳದಿ ಬಟ್ಟಲಿತ್ತು. ಕೈ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದೆ. ತಳದಲ್ಲಿ ತೂತಿತ್ತು, ತೂತಿನೊಳಗಿನಿಂದ ಎಳೆಯ ಹುಲ್ಲಿನ ಎರಡು ಎಸಳು ಮೇಲಕ್ಕೆ ಬಂದಿದ್ದವು.